ಗಾಡಿ ಹೀಟ್ ಆಗುವುದು ಯಾವಾಗ?

ಮಕ್ಕಳ ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ಬೆಂಗಳೂರಿನ ಕಾರುಗಳು ಊರ ದಾರಿ ಹಿಡಿಯುತ್ತವೆ. ಶಿರಾಡಿ, ಚಾರ್ಮಾಡಿ, ಆಗುಂಬೆ, ದೇವಿಮನೆ, ಯಾವ ಘಟ್ಟವಾದರೂ ಸರಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಬಾನೆಟ್ ಎತ್ತಿ ರಸ್ತೆ ಬದಿಗೆ ನಿಂತ ಒಂದೆರಡು ಗಾಡಿಗಳು ಕಂಡೇ ಕಾಣುತ್ತವೆ. ಸುತ್ತ ನಾಲ್ಕು ಜನ ಸೇರಿರುತ್ತಾರೆ. ‘ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ಎಲ್ಲ ಸರಿಹೋಗುತ್ತೆ’ ಎಂದು ಒಬ್ಬರು, ‘ವಾಟರ್ ಪಂಪೇ ಹೋಗಿರೋದು’ ಎಂದು ಇನ್ನೊಬ್ಬರು, ‘ಹೆಡ್ ಗ್ಯಾಸ್ಕೆಟ್ ಕಥೆ ಮುಗೀತು’ ಎಂದು ಮತ್ತೊಬ್ಬರು. ಮೂವರಲ್ಲಿ ಒಬ್ಬರ ಮಾತು ನಿಜವಿರಬಹುದು, ಮೂವರದೂ ತಪ್ಪಿರಬಹುದು. ‘ಮುಳ್ಳು ಮೇಲೇರಿದ್ದು ಯಾವಾಗ?’ ಎಂದು ಗಾಡಿ ಓಡಿಸುತ್ತಿದ್ದವರನ್ನು ಕೇಳದೆ ಯಾರೂ ಏನನ್ನೂ ಹೇಳುವಂತಿಲ್ಲ.

ಎಂಜಿನ್ ಹೀಟ್ ಆಗುವುದು ಹತ್ತಾರು ದೋಷಗಳಿಗೆ ಇರುವ ಒಂದೇ ಲಕ್ಷಣ. ಆ ದೋಷಗಳಲ್ಲಿ ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ತೋರಿಸುವುದು ಲಕ್ಷಣ ಕಾಣಿಸಿಕೊಂಡ ಸಂದರ್ಭ. ಸಿಗ್ನಲ್‌ನಲ್ಲಿ ನಿಂತಾಗಲೋ, ಘಟ್ಟ ಹತ್ತುವಾಗಲೋ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೋ, ಎ.ಸಿ. ಹಾಕಿದಾಗ ಮಾತ್ರವೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಪತ್ತೆ ಮುಗಿದ ಹಾಗೆಯೇ. ಅದನ್ನು ಬಿಟ್ಟು ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋದರೆ ಸಾವಿರಗಟ್ಟಲೆ ದುಡ್ಡು ಕೈಬಿಟ್ಟು ಹೋಗುತ್ತದೆ, ಮುಳ್ಳು ಮಾತ್ರ ಮತ್ತೆ ಮೇಲೇರುತ್ತದೆ.

ಮೊದಲು ಆ ಶಾಖ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡೋಣ. ನಾವು ಹಾಕಿಸುವ ಪೆಟ್ರೋಲಿನಲ್ಲಿರುವ ಶಕ್ತಿಯ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಬಿಸಿ ಹೊಗೆಯಾಗಿ ಹೊರಬೀಳುತ್ತದೆ. ಉಳಿದ ಪಾಲಿನಲ್ಲಿ ಹೆಚ್ಚಿನದನ್ನು ಎಂಜಿನ್ನಿನ ಮೈಯಿಂದ ಕೂಲೆಂಟ್ ಹೊತ್ತು ತರಬೇಕು. ಸಿಲಿಂಡರಿನೊಳಗೆ ಇಂಧನ ಉರಿಯುವ ಕ್ಷಣದಲ್ಲಿ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಂಜಿನ್ನಿನ ಹೆಡ್ ಮಾಡಿರುವ ಅಲ್ಯೂಮಿನಿಯಂ 660 ಡಿಗ್ರಿಗೆಲ್ಲ ಕರಗುವ ಲೋಹ. ಈ ಎರಡು ಸಂಖ್ಯೆಗಳ ನಡುವೆ ನಿಂತು ಎಂಜಿನ್ನನ್ನು ಕಾಯುತ್ತಿರುವುದು ಕೆಲವೇ ಲೀಟರ್ ಕೂಲೆಂಟ್.

ವಾಟರ್ ಪಂಪ್ ಆ ದ್ರವವನ್ನು ಎಂಜಿನ್ನಿನ ಒಳದಾರಿಗಳಲ್ಲಿ ತಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿಕೊಂಡಿದ್ದು, ದ್ರವ ಒಳಗೊಳಗೇ ಸುತ್ತುತ್ತದೆ. ಉಷ್ಣತೆ 82ರಿಂದ 88 ಡಿಗ್ರಿಯ ಆಸುಪಾಸಿಗೆ ಬಂದಾಗ (ಗಾಡಿಯಿಂದ ಗಾಡಿಗೆ ಇದು ಸ್ವಲ್ಪ ಬದಲಾಗುತ್ತದೆ) ಥರ್ಮೋಸ್ಟಾಟಿನ ಒಳಗಿರುವ ಮೇಣ ಕರಗಿ ಹಿಗ್ಗಿ ಕವಾಟವನ್ನು ತಳ್ಳಿ ತೆರೆಯುತ್ತದೆ. ಬಿಸಿ ದ್ರವ ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರಿಗೆ ಬಂದು, ಗಾಳಿಗೆ ಶಾಖ ಕೊಟ್ಟು, ಕೆಳಗಿನ ಪೈಪಿನಿಂದ ಎಂಜಿನ್ನಿಗೆ ಮರಳುತ್ತದೆ. ಗಾಡಿ ಓಡುವಾಗ ಎದುರುಗಾಳಿಯೇ ಸಾಕು, ನಿಂತಾಗ ಫ್ಯಾನ್ ಬೇಕು. ರೇಡಿಯೇಟರಿನ ಗುಟ್ಟೆಲ್ಲ ಇರುವುದು ಗಾಳಿಗೆ ಮೈಯೊಡ್ಡುವ ವಿಸ್ತೀರ್ಣದಲ್ಲಿ. 1900ರ ಕೊನೆಯಲ್ಲಿ ವಿಲ್ಹೆಲ್ಮ್ ಮೇಬ್ಯಾಕ್ ಮೊದಲ ಮರ್ಸಿಡಿಸ್ ಕಾರಿಗೆ ಮಾಡಿದ ರೇಡಿಯೇಟರಿನಲ್ಲಿ 8,070 ಪುಟ್ಟ ಕೊಳವೆಗಳಿದ್ದವು. ಇಂದಿನ ಅಲ್ಯೂಮಿನಿಯಂ ರೇಡಿಯೇಟರಿನ ತೆಳು ರೆಕ್ಕೆಗಳೂ ಅದೇ ಕೆಲಸ ಮಾಡುತ್ತವೆ.

ಇನ್ನು ಒತ್ತಡದ ವಿಷಯ. ಬಹಳ ಜನ ಕಡೆಗಣಿಸುವುದು ಇದನ್ನೇ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದರೆ ಬಹಳಷ್ಟು ಎಂಜಿನ್‌ಗಳು ಆರಾಮವಾಗಿ ಓಡುವುದೇ 90ರಿಂದ 105 ಡಿಗ್ರಿಯೊಳಗೆ. ಕುದಿಯದಂತೆ ತಡೆಯುವುದು ರೇಡಿಯೇಟರಿನ ಅಥವಾ ಕೂಲೆಂಟ್ ಡಬ್ಬಿಯ ಆ ಸಣ್ಣ ಮುಚ್ಚಳ. ಅದು ಒಳಗೆ ಸುಮಾರು 1 ಬಾರ್‌ನಷ್ಟು ಹೆಚ್ಚುವರಿ ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 120 ಡಿಗ್ರಿಯ ಹತ್ತಿರದವರೆಗೆ ಕುದಿಯುವುದಿಲ್ಲ, ಅರ್ಧಕ್ಕರ್ಧ ಕೂಲೆಂಟ್ ಬೆರೆತಿದ್ದರೆ ಇನ್ನೂ ಕೆಲವು ಡಿಗ್ರಿ ಮೇಲೆ. ಮುಚ್ಚಳದ ಒಳಗಿನ ರಬ್ಬರ್ ಉಂಗುರ ಒಣಗಿ ಸೀಳಿದ್ದರೆ, ಸ್ಪ್ರಿಂಗ್ ಸೋತಿದ್ದರೆ, ಈ ಕಾವಲೆಲ್ಲ ಹೋಯಿತು. ಪಂಪು, ಫ್ಯಾನು, ರೇಡಿಯೇಟರು ಎಲ್ಲ ಚೆನ್ನಾಗಿದ್ದೂ ಗಾಡಿ ಕುದಿಯುತ್ತದೆ. ಕೆಲವು ನೂರು ರೂಪಾಯಿಯ ಮುಚ್ಚಳ ಬದಲಿಸಿದರೆ ಮುಗಿಯುವ ಕೆಲಸಕ್ಕೆ ರೇಡಿಯೇಟರನ್ನೇ ಬದಲಿಸಿದ ಉದಾಹರಣೆಗಳು ಪ್ರತಿ ಊರಿನಲ್ಲೂ ಸಿಗುತ್ತವೆ. ಎಂಜಿನ್ ತಣ್ಣಗಿರುವಾಗ ಮುಚ್ಚಳ ಬಿಚ್ಚಿ ಅಂಗೈ ಮೇಲಿಟ್ಟು ನೋಡಿ. ರಬ್ಬರಿನ ಮೇಲೆ ಒಂದೇ ಕಡೆ ಕಚ್ಚಿದ ಗುರುತು, ಅಂಚಿನಲ್ಲಿ ಬಿರುಕು, ನಡುವಿನ ಪುಟ್ಟ ಕವಾಟಕ್ಕೆ ತುಕ್ಕು ಅಥವಾ ಪಾಚಿಯಂಥ ಕೊಳೆ ಅಂಟಿದ್ದರೆ ಅದರ ಆಯಸ್ಸು ಮುಗಿದಿದೆ. ಆ ಪುಟ್ಟ ಕವಾಟಕ್ಕೂ ಕೆಲಸವಿದೆ: ಎಂಜಿನ್ ತಣಿದಾಗ ಡಬ್ಬಿಗೆ ಹೋದ ದ್ರವವನ್ನು ಮತ್ತೆ ಒಳಗೆ ಎಳೆದುಕೊಳ್ಳಲು ದಾರಿ ಬಿಡುವುದು ಅದೇ. ಬೆಳಿಗ್ಗೆ ನೋಡಿದಾಗ ರೇಡಿಯೇಟರಿನ ಮೇಲಿನ ಹೋಸ್ ಪೈಪು ಚಪ್ಪಟೆಯಾಗಿ ಒಳಗೆ ಸೆಳೆದುಕೊಂಡಿದ್ದರೆ ಆ ಕವಾಟ ಕಟ್ಟಿಕೊಂಡಿದೆ ಎಂದರ್ಥ. ಹೊಸ ಮುಚ್ಚಳ ಕೊಳ್ಳುವಾಗ ಹಳೆಯದರ ಮೇಲೆ ಬರೆದಿರುವ ಒತ್ತಡದ ಸಂಖ್ಯೆ ನೋಡಿ ಅದೇ ಸಂಖ್ಯೆಯದನ್ನೇ ಕೊಳ್ಳಬೇಕು.

ಬೇಸಿಗೆಯಲ್ಲೇ ಏಕೆ ಇದೆಲ್ಲ ಹೊರಬೀಳುತ್ತದೆ? ರೇಡಿಯೇಟರ್ ಎಷ್ಟು ಶಾಖ ಕಳೆಯುತ್ತದೆ ಎಂಬುದು ಕೂಲೆಂಟಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಕೂಲೆಂಟ್ 95 ಡಿಗ್ರಿಯಲ್ಲಿದ್ದು ಹೊರಗೆ ಡಿಸೆಂಬರಿನ 25 ಡಿಗ್ರಿ ಇದ್ದರೆ ಅಂತರ 70. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 42 ಇದ್ದರೆ ಅಂತರ 53ಕ್ಕೆ ಇಳಿಯುತ್ತದೆ. ಅಂದರೆ ಅದೇ ರೇಡಿಯೇಟರಿನ ಸಾಮರ್ಥ್ಯದಲ್ಲಿ ಕಾಲು ಭಾಗ ಹೋಯಿತು. ಕಂಪನಿಗಳು ಇದನ್ನೆಲ್ಲ ಲೆಕ್ಕ ಹಾಕಿಯೇ ಗಾಡಿ ಮಾಡಿರುತ್ತವೆ, ಆದ್ದರಿಂದ ಸರಿಯಾಗಿರುವ ಗಾಡಿ 42 ಡಿಗ್ರಿಯಲ್ಲೂ ಹೀಟ್ ಆಗಬಾರದು. ಚಳಿಗಾಲದಲ್ಲಿ ಅರ್ಧ ಕಟ್ಟಿಕೊಂಡ ರೇಡಿಯೇಟರ್ ಹೇಗೋ ಸುಧಾರಿಸಿಕೊಂಡು ಹೋಗಿರುತ್ತದೆ, ಬೇಸಿಗೆ ಅದನ್ನು ಬಯಲಿಗೆ ತರುತ್ತದೆ. ‘ಬಿಸಿಲಿಗೆ ಹಾಗೇ ಸಾರ್, ಎಲ್ಲ ಗಾಡೀನೂ ಹೀಟ್ ಆಗುತ್ವೆ’ ಎನ್ನುವ ಮಾತನ್ನು ಒಪ್ಪಬೇಡಿ.

ಈಗ ‘ಯಾವಾಗ’ ಎಂಬ ಪ್ರಶ್ನೆಗೆ ಬರೋಣ.

ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಕಡೆ ಟ್ರಾಫಿಕ್‌ನಲ್ಲಿ ನಿಂತಾಗ ಮುಳ್ಳು ಏರಿ, ಹೆದ್ದಾರಿಗೆ ಬಿದ್ದು ಅರವತ್ತು ಎಪ್ಪತ್ತರ ವೇಗ ಹಿಡಿದ ಮೇಲೆ ಇಳಿದರೆ, ದೋಷ ಗಾಳಿಯ ಕಡೆಯದು. ದ್ರವ ಸುತ್ತುತ್ತಿದೆ, ರೇಡಿಯೇಟರಿಗೂ ಬರುತ್ತಿದೆ, ಗಾಳಿ ಮಾತ್ರ ಸಾಲದು. ಎಂಜಿನ್ ಆನ್ ಇಟ್ಟು ಎ.ಸಿ. ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೇ ಮುಂದಿನ ಫ್ಯಾನ್ ತಿರುಗಬೇಕು. ಎ.ಸಿ.ಗೆ ತಿರುಗಿ, ಎ.ಸಿ. ಇಲ್ಲದೆ ಎಂಜಿನ್ ಬಿಸಿಯಾದಾಗ ತಿರುಗದಿದ್ದರೆ ಮೋಟರ್ ಚೆನ್ನಾಗಿದೆ ಎಂದಾಯಿತು, ಉಷ್ಣತೆಯ ಸೆನ್ಸರ್, ವೈರಿಂಗ್, ರಿಲೇ ನೋಡಬೇಕು. ಯಾವುದಕ್ಕೂ ತಿರುಗದಿದ್ದರೆ ಮೊದಲು ಫ್ಯೂಸು, ಆಮೇಲೆ ರಿಲೇ, ಆಮೇಲೆ ಕನೆಕ್ಟರ್, ಕೊನೆಗೆ ಮೋಟರ್. ಫ್ಯೂಸ್ ಬಾಕ್ಸಿನಲ್ಲಿ ಹಾರ್ನಿಗೂ ಅದೇ ಬಗೆಯ ರಿಲೇ ಇದ್ದರೆ ಅದನ್ನು ಕಿತ್ತು ಫ್ಯಾನಿನ ಜಾಗಕ್ಕೆ ಹಾಕಿ ನೋಡಿದರೆ ಖರ್ಚಿಲ್ಲದೆ ರಿಲೇಯ ಪರೀಕ್ಷೆ ಆಗಿಹೋಗುತ್ತದೆ. ಎರಡು ವೇಗದ ಫ್ಯಾನಿದ್ದರೆ, ನಿಧಾನ ವೇಗಕ್ಕೆ ಬೇಕಾದ ರೆಸಿಸ್ಟರ್ ಸುಟ್ಟು ಜೋರು ವೇಗ ಮಾತ್ರ ಉಳಿದಿರುವುದೂ ಉಂಟು. ಒಂದು ಎಚ್ಚರಿಕೆ: ಕೀ ತೆಗೆದ ಮೇಲೂ ಎಷ್ಟೋ ಕಾರುಗಳಲ್ಲಿ ಫ್ಯಾನ್ ತಾನೇ ತಾನಾಗಿ ತಿರುಗತೊಡಗುತ್ತದೆ. ಬಿಸಿ ಎಂಜಿನ್ನಿನಲ್ಲಿ ಫ್ಯಾನಿನ ಹತ್ತಿರ ಕೈ, ಸೆರಗು, ದುಪಟ್ಟಾ ಒಯ್ಯಬಾರದು.

ಫ್ಯಾನ್ ಸರಿಯಾಗಿದ್ದರೂ ಗಾಳಿಯ ದಾರಿ ಕಟ್ಟಿರಬಹುದು. ಮುಂದೆ ಎ.ಸಿ. ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಇವೆರಡರ ನಡುವಿನ ಸಂದಿಯಲ್ಲಿ ದೂಳು, ಹುಳು, ಎಲೆ ಪುಡಿ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಮುಂದಿನಿಂದ ಬಗ್ಗಿ ನೋಡಿದರೆ ಎಲ್ಲ ಶುಭ್ರವಾಗಿಯೇ ಕಾಣುತ್ತದೆ. ನಮ್ಮ ಬಯಲುಸೀಮೆಯಲ್ಲಿ ಸುಗ್ಗಿಯ ದಿನಗಳಲ್ಲಿ ರಾಗಿ, ಹುರುಳಿ ತೆನೆಯನ್ನು ಟಾರು ರಸ್ತೆಗೇ ಹಾಸಿ ಒಕ್ಕಣೆ ಮಾಡುವ ರೂಢಿ ಇದೆ. ಅದರ ಮೇಲೆ ಹಾದುಹೋದ ಕಾರಿನ ಅಡಿಯಲ್ಲಿ ಹುಲ್ಲು ಸುತ್ತಿಕೊಂಡು ಬೆಂಕಿ ಹತ್ತುವ ಅಪಾಯವಂತೂ ಇದ್ದೇ ಇದೆ, ಜೊತೆಗೆ ಹೊಟ್ಟು ಹಾರಿ ರೇಡಿಯೇಟರಿನ ರೆಕ್ಕೆಗಳಿಗೆ ಅಂಟುತ್ತದೆ. ಅಂಥ ರಸ್ತೆ ದಾಟಿ ಬಂದ ಮೇಲೆ ಮುಂಭಾಗವನ್ನು ಒಮ್ಮೆ ತೊಳೆಸುವುದು ಒಳ್ಳೆಯದು. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಮೆತ್ತನೆಯ ನೀರಿನಲ್ಲಿ. ವಾಟರ್ ಸರ್ವಿಸಿನ ಜೋರು ಪೈಪನ್ನು ನೇರ ಹಿಡಿದರೆ ರೆಕ್ಕೆಗಳೆಲ್ಲ ಮಡಚಿ ಗಾಳಿಗೆ ಶಾಶ್ವತವಾಗಿ ಬಾಗಿಲು ಹಾಕಿದಂತಾಗುತ್ತದೆ. ಇನ್ನೊಂದು ಕಾರಣ ಯಾರಿಗೂ ಹೊಳೆಯದು: ಬಂಪರ್ ಗುದ್ದಿಸಿಕೊಂಡು ರಿಪೇರಿ ಮಾಡಿಸಿದ ಮೇಲೆ ಹೀಟ್ ಶುರುವಾದರೆ, ಗಾಳಿಯನ್ನು ರೇಡಿಯೇಟರಿಗೆ ತಿರುಗಿಸುವ ಪ್ಲಾಸ್ಟಿಕ್ ತಡೆಗಳನ್ನು ಅಥವಾ ಫ್ಯಾನಿನ ಸುತ್ತಲಿನ ಕವಚವನ್ನು ಮತ್ತೆ ಹಾಕಿದ್ದಾರೆಯೇ ನೋಡಿ. ಅವಿಲ್ಲದಿದ್ದರೆ ಗಾಳಿ ರೇಡಿಯೇಟರನ್ನು ಬಳಸಿಕೊಂಡು ಪಕ್ಕದಿಂದ ಹೋಗಿಬಿಡುತ್ತದೆ.

ಊರೊಳಗೆ ತಣ್ಣಗಿದ್ದು, ಹೆದ್ದಾರಿಯ ವೇಗದಲ್ಲಿ ಅಥವಾ ಏರು ಹತ್ತುವಾಗ ಹೀಟ್ ಆದರೆ ಕಥೆಯೇ ಬೇರೆ. ಇಲ್ಲಿ ದೋಷ ಹೆಚ್ಚಾಗಿ ದ್ರವದ ಕಡೆಯದು. ಎಂಜಿನ್ ಹೆಚ್ಚು ಶಾಖ ಹುಟ್ಟಿಸುತ್ತಿದೆ, ಅದನ್ನು ಹೊತ್ತು ತರಬೇಕಾದ ಪ್ರವಾಹ ಸಾಲುತ್ತಿಲ್ಲ. ಕೂಲೆಂಟ್ ಕಡಿಮೆಯಾಗಿರಬಹುದು, ರೇಡಿಯೇಟರಿನ ಒಳಕೊಳವೆಗಳು ಕಟ್ಟಿರಬಹುದು, ಪಂಪಿನ ರೆಕ್ಕೆ ಸವೆದಿರಬಹುದು, ಪಂಪ್ ತಿರುಗಿಸುವ ಬೆಲ್ಟ್ ಜಾರುತ್ತಿರಬಹುದು, ಥರ್ಮೋಸ್ಟಾಟ್ ಅರ್ಧವೇ ತೆರೆದಿರಬಹುದು. ಕೆಳಗಿನ ಹೋಸ್ ಪೈಪು ಹಳೆಯದಾಗಿ ಮೆತ್ತಗಾಗಿದ್ದರೆ ಎಂಜಿನ್ ರೇಸ್ ಮಾಡಿದಾಗ ಪಂಪಿನ ಸೆಳೆತಕ್ಕೆ ಒಳಗೆ ಕುಸಿದು ದಾರಿ ಮುಚ್ಚುತ್ತದೆ. ಇನ್ನೊಬ್ಬರನ್ನು ಆಕ್ಸಿಲರೇಟರ್ ಒತ್ತಲು ಹೇಳಿ ನೀವು ಪೈಪನ್ನೇ ನೋಡುತ್ತಿದ್ದರೆ ಇದು ಕಣ್ಣಿಗೇ ಕಾಣುತ್ತದೆ. ರೇಡಿಯೇಟರ್ ಒಳಗೆ ಕಟ್ಟಿದೆಯೇ ಎಂದು ತಿಳಿಯಲು ಉಷ್ಣತೆ ಅಳೆಯುವ ಗನ್ ಇರುವ ಗ್ಯಾರೇಜಿಗೆ ಹೋಗಬೇಕು. ಬಿಸಿಯಾದ ರೇಡಿಯೇಟರಿನ ಮೇಲೆ ಅದನ್ನು ಸಾಲಾಗಿ ಹಿಡಿಯುತ್ತ ಹೋದಾಗ ಒಂದು ಕಡೆ ಇದ್ದಕ್ಕಿದ್ದಂತೆ ತಣ್ಣಗೆ ತೋರಿಸಿದರೆ ಆ ಭಾಗದ ಕೊಳವೆಗಳಲ್ಲಿ ದ್ರವ ಹರಿಯುತ್ತಿಲ್ಲ.

ಘಟ್ಟ ಹತ್ತುವವರಿಗೆ ಒಂದು ಮಾತು. ಏರಿನಲ್ಲಿ ಮೂರನೇ ಗೇರಿನಲ್ಲಿ ಎಂಜಿನ್ನನ್ನು ಉಸಿರುಗಟ್ಟಿಸಿ ಎಳೆಸುವುದಕ್ಕಿಂತ ಎರಡಕ್ಕೆ ಇಳಿಸಿದರೆ ಎಂಜಿನ್ ಸ್ವಲ್ಪ ವೇಗವಾಗಿ ತಿರುಗುತ್ತದೆ, ಅದರೊಂದಿಗೆ ಪಂಪೂ ವೇಗವಾಗಿ ತಿರುಗಿ ಕೂಲೆಂಟನ್ನು ಜೋರಾಗಿ ತಳ್ಳುತ್ತದೆ. ಸದ್ದು ಹೆಚ್ಚಾಯಿತೆಂದು ಹೆದರಬೇಕಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಬೀದಿ ದಾಟುವಷ್ಟರಲ್ಲೇ ಮುಳ್ಳು ಕೆಂಪಿಗೆ ಹೋದರೆ ಥರ್ಮೋಸ್ಟಾಟ್ ಮುಚ್ಚಿದಂತೆಯೇ ಕಚ್ಚಿಕೊಂಡಿರುವ ಸಂಭವ ಹೆಚ್ಚು. ಎಂಜಿನ್ ಬಿಸಿಯಾಗುತ್ತಿರುವಾಗ, ಫ್ಯಾನು ಬೆಲ್ಟುಗಳಿಂದ ದೂರವಿದ್ದು, ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳನ್ನು ಮುಟ್ಟಿ ನೋಡಬಹುದು. ಒಂದು ಪೈಪು ಮುಟ್ಟಲಾರದಷ್ಟು ಸುಡುತ್ತಿದ್ದು ಇನ್ನೊಂದು ತಣ್ಣಗೇ ಉಳಿದಿದ್ದರೆ ದ್ರವ ರೇಡಿಯೇಟರಿನ ಮೂಲಕ ಹರಿಯುತ್ತಿಲ್ಲ. ಥರ್ಮೋಸ್ಟಾಟ್ ಬಿಚ್ಚಿದ ಮೇಲೆ ಅದು ಕೆಟ್ಟಿದೆಯೋ ಇಲ್ಲವೋ ಎಂದು ವಾದ ಮಾಡುವ ಅಗತ್ಯವೂ ಇಲ್ಲ. ಅಡುಗೆಗೆ ಬಳಸದ ಯಾವುದಾದರೂ ಹಳೆಯ ಪಾತ್ರೆಯಲ್ಲಿ ನೀರು ಹಾಕಿ, ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದೋ 88 ಎಂದೋ ಅಚ್ಚು ಹಾಕಿರುತ್ತದೆ. ಆ ಉಷ್ಣತೆ ಬಂದಾಗ ನಡುವಿನ ತಟ್ಟೆ ಮೆಲ್ಲಗೆ ಮೇಲೇಳಲು ಶುರುವಾಗಿ, ನೀರು ಕುದಿಯುವ ಹೊತ್ತಿಗೆ ಕಿರುಬೆರಳಿನ ದಪ್ಪದಷ್ಟು ತೆರೆದಿರಬೇಕು. ತಣಿಸಿದಾಗ ಪೂರ್ತಿ ಮುಚ್ಚಬೇಕು. ಇದನ್ನು ಗ್ರಾಹಕರ ಕಣ್ಣೆದುರೇ ಮಾಡಿ ತೋರಿಸುವ ಮೆಕ್ಯಾನಿಕ್‌ಗಳಿದ್ದಾರೆ. ಅಂಥವರನ್ನು ಬಿಡಬೇಡಿ.

ಮುಳ್ಳು ಒಮ್ಮೆ ಏರಿ ಒಮ್ಮೆ ಇಳಿದು ಆಡುತ್ತಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಥವಾ ದ್ರವ ಕಡಿಮೆಯಿದೆ. ಕೂಲೆಂಟ್ ಬದಲಿಸಿದ ಮರುದಿನವೇ ಹೀಟ್ ಕಾಣಿಸಿಕೊಂಡರೆ ಏರ್ ಲಾಕ್ ಬಿಡಿಸಿಲ್ಲ ಎಂದೇ ತಿಳಿಯಬಹುದು. ಎಲ್ಲಕ್ಕಿಂತ ಮೋಸದ್ದು ಇನ್ನೊಂದು: ಕೆಂಪಿನಲ್ಲಿದ್ದ ಮುಳ್ಳು ದಿಢೀರನೆ ತಣ್ಣಗಿನ ಗೆರೆಗೆ ಬಿದ್ದುಬಿಡುತ್ತದೆ. ‘ಸರಿಹೋಯಿತು’ ಎಂದು ಗಾಡಿ ಓಡಿಸಿದವರ ಎಂಜಿನ್ ಸೀಜ್ ಆಗಿದೆ. ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟಿರುವ ದ್ರವವನ್ನು. ಕೂಲೆಂಟೆಲ್ಲ ಸೋರಿಹೋಗಿ ಸೆನ್ಸರಿನ ಸುತ್ತ ಏನೂ ಉಳಿಯದಿದ್ದಾಗ ಅದು ಕೊಡುವ ಲೆಕ್ಕಕ್ಕೆ ಅರ್ಥವಿಲ್ಲ. ಏರಿದ ಮುಳ್ಳು ಕಾರಣವಿಲ್ಲದೆ ಬಿದ್ದರೆ ಅಲ್ಲೇ ಗಾಡಿ ನಿಲ್ಲಿಸಬೇಕು.

ಈಗಿನ ಅನೇಕ ಕಾರುಗಳಲ್ಲಿ ಮುಳ್ಳೇ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ, ಅಷ್ಟೇ. ಮುಳ್ಳಿರುವ ಕಾರುಗಳಲ್ಲೂ ಅದನ್ನು ಬೇಕೆಂದೇ ಹದಿನೈದಿಪ್ಪತ್ತು ಡಿಗ್ರಿಯ ವ್ಯತ್ಯಾಸಕ್ಕೆ ಅಲುಗಾಡದಂತೆ ನಡುವೆ ಕೂರಿಸಿರುತ್ತಾರೆ. ಗ್ರಾಹಕ ಗಾಬರಿಯಾಗಬಾರದು ಎಂಬ ಉದ್ದೇಶ ಇರಬಹುದು, ಆದರೆ ನನ್ನ ದೃಷ್ಟಿಯಲ್ಲಿ ಇದು ಗ್ರಾಹಕನಿಗೆ ಮಾಡಿದ ಉಪಕಾರವಲ್ಲ. ಕೆಂಪು ದೀಪ ಬಂದಾಗ ಕಾಲ ಮೀರಿರುತ್ತದೆ. ಸ್ಟಿಯರಿಂಗಿನ ಕೆಳಗಿರುವ ಒ.ಬಿ.ಡಿ. ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಒಂದು ಒಳ್ಳೆಯ ಊಟದ ಬೆಲೆಗೆ ಸಿಗುತ್ತದೆ. ಮೊಬೈಲಿನಲ್ಲೇ ಕೂಲೆಂಟಿನ ಉಷ್ಣತೆ ಡಿಗ್ರಿ ಲೆಕ್ಕದಲ್ಲಿ ಕಾಣುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ, ಕೂಲೆಂಟಿನ ಉಷ್ಣತೆ ಮತ್ತು ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ ಎರಡನ್ನೂ ನೋಡಿ. ಎರಡೂ ಹತ್ತಿರ ಹತ್ತಿರ ಇರಬೇಕು. ಕೂಲೆಂಟ್ ಮಾತ್ರ 60 ಎಂದು ತೋರಿಸಿದರೆ ಸೆನ್ಸರ್ ಅಥವಾ ಅದರ ವೈರಿಂಗ್ ಸುಳ್ಳು ಹೇಳುತ್ತಿದೆ. ಸ್ಕ್ಯಾನರಿನಲ್ಲಿ ಪಿ0217 ಎಂಬ ಕೋಡ್ ಬಂದರೆ ಎಂಜಿನ್ ಮಿತಿ ಮೀರಿ ಬಿಸಿಯಾಗಿತ್ತು ಎಂದರ್ಥ. ಪಿ0128 ಬಂದರೆ ಅದಕ್ಕೆ ತಿರುಗುಮುರುಗು: ಎಂಜಿನ್ ಸರಿಯಾಗಿ ಬಿಸಿಯೇ ಆಗುತ್ತಿಲ್ಲ, ಥರ್ಮೋಸ್ಟಾಟ್ ತೆರೆದಂತೆಯೇ ಉಳಿದಿರಬಹುದು.

ಕೂಲೆಂಟ್ ಕಡಿಮೆಯಾಗುತ್ತಲೇ ಇದ್ದರೆ ಅದು ಎಲ್ಲಿಗೋ ಹೋಗುತ್ತಿದೆ. ಸೀಲಾದ ವ್ಯವಸ್ಥೆಯಲ್ಲಿ ಪದೇ ಪದೇ ತುಂಬಿಸುವ ಪ್ರಶ್ನೆಯೇ ಬರಬಾರದು. ಹೊರಗೆ ಸೋರಿದ್ದರೆ ಒಣಗಿದ ಜಾಗದಲ್ಲಿ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಹುಡಿ ಉಳಿಯುತ್ತದೆ. ಹೋಸ್ ಕ್ಲಿಪ್‌ಗಳ ಅಂಚು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಮ್ಮಿಗೆ ಸೇರುವ ಗೆರೆ, ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರ, ಈ ಮೂರು ಕಡೆ ಟಾರ್ಚ್ ಬಿಟ್ಟು ನೋಡಿ. ಪಂಪಿನ ಆ ರಂಧ್ರ ಇರುವುದೇ ಸೀಲ್ ಹೋದಾಗ ಸುಳಿವು ಕೊಡಲು. ಎ.ಸಿ. ಹಾಕಿದಾಗ ಕಾರಿನಡಿ ತೊಟ್ಟಿಕ್ಕುವುದು ಬರೀ ನೀರು, ಬಣ್ಣವಿಲ್ಲ, ಜಿಡ್ಡಿಲ್ಲ, ಅದಕ್ಕೆ ಹೆದರಬೇಡಿ. ಕಾರಿನೊಳಗೆ ಸಿಹಿ ವಾಸನೆ, ಗಾಜಿಗೆ ಜಿಡ್ಡು ಮಂಜು, ಮುಂದಿನ ಕಾಲಿಡುವ ಕಡೆ ಕಾರ್ಪೆಟ್ ಒದ್ದೆಯಾಗಿದ್ದರೆ ಡ್ಯಾಶ್‌ಬೋರ್ಡಿನ ಒಳಗಿರುವ ಹೀಟರ್ ಕೋರ್ ಸೋರುತ್ತಿದೆ. ಏನೂ ಕಾಣದಿದ್ದರೆ ಒತ್ತಡದ ಪರೀಕ್ಷೆ ಮಾಡಿಸಿ: ತಣ್ಣಗಿನ ಎಂಜಿನ್ನಿಗೆ ಕೈಪಂಪಿನಿಂದ ಮುಚ್ಚಳದ ಮೇಲಿರುವಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ಟಾಗ ಮೀಟರ್ ಇಳಿದರೆ ಸೋರಿಕೆ ಇದೆ.

ಸಿಹಿ ವಾಸನೆಯ ಮಾತು ಬಂದಾಗ ಹೇಳಲೇಬೇಕಾದದ್ದೊಂದಿದೆ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಮೂತ್ರಪಿಂಡ ಹಾಳುಮಾಡಿ ಜೀವ ತೆಗೆಯುತ್ತದೆ. ಶೆಡ್ಡಿನಲ್ಲಿ ಚೆಲ್ಲಿದ್ದನ್ನು ನಾಯಿ, ಬೆಕ್ಕುಗಳು ನೆಕ್ಕುತ್ತವೆ. ಉಳಿದದ್ದನ್ನು ನೀರಿನ ಬಾಟಲಿಗೆ ತುಂಬಿಸಿಟ್ಟರೆ ಮಕ್ಕಳು ಷರಬತ್ತೆಂದು ಕುಡಿಯಬಹುದು. ಹಾಗಾದಾಗ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು. ಗ್ಯಾರೇಜಿನವರು ಹಳೆಯ ಕೂಲೆಂಟನ್ನು ಮೋರಿಗೆ ಬಿಡುವುದು ಕಂಡರೆ ದಯವಿಟ್ಟು ತಡೆಯಿರಿ.

‘ಕೂಲೆಂಟ್ ಯಾಕೆ, ನೀರೇ ಸಾಕು’ ಎನ್ನುವವರು ಈಗಲೂ ಇದ್ದಾರೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಡಿಕ್ಕಿಯಲ್ಲೊಂದು ನೀರಿನ ಕ್ಯಾನ್ ಇಟ್ಟುಕೊಂಡೇ ಘಟ್ಟ ಹತ್ತುತ್ತಿದ್ದರು. ಆಗಿನ ರೇಡಿಯೇಟರ್ ತಾಮ್ರ-ಹಿತ್ತಾಳೆಯದು, ಕೊಳವೆಗಳು ಅಗಲ. ಕಟ್ಟಿದರೆ ರೇಡಿಯೇಟರ್ ವರ್ಕ್ಸ್‌ನವರು ಟ್ಯಾಂಕ್ ಬಿಚ್ಚಿ, ಕೊಳವೆಗಳಿಗೆ ಸಲಾಕೆ ಹಾಕಿ ತೆಗೆದು, ಬೆಸುಗೆ ಹಾಕಿ ಕೊಡುತ್ತಿದ್ದರು. ಈಗಿನ ಅಲ್ಯೂಮಿನಿಯಂ ಕೊಳವೆಗಳು ಎಷ್ಟು ಸಪೂರವೆಂದರೆ ಆ ಬಗೆಯ ರಿಪೇರಿ ಸಾಧ್ಯವಿಲ್ಲ. ಅವುಗಳಿಗೆ ಬೋರ್‌ವೆಲ್ ನೀರು ಹಾಕಿದರೆ ಏನಾಗುತ್ತದೆ ಎಂದು ತಿಳಿಯಲು ಮನೆಯ ಗೀಸರ್ ಬಿಚ್ಚಿಸಿದಾಗ ಕಾಯಿಲ್ ಮೇಲೆ ಕೂತ ಬಿಳಿ ಗಟ್ಟಿ ಪದರವನ್ನು ನೆನಪಿಸಿಕೊಳ್ಳಿ. ಅದೇ ಸುಣ್ಣ ಎಂಜಿನ್ನಿನ ಒಳಗೋಡೆಗೂ ಅಂಟುತ್ತದೆ. ಶಾಖ ಲೋಹದಿಂದ ದ್ರವಕ್ಕೆ ದಾಟದಂತೆ ತಡೆಯುತ್ತದೆ. ಕೋಲಾರ, ತುಮಕೂರು, ಚಿತ್ರದುರ್ಗದ ಗಡಸು ನೀರಿನಲ್ಲಿ ಇದು ಬೇಗ ಆಗುತ್ತದೆ. ಕೂಲೆಂಟಿನ ಅರ್ಧ ಕೆಲಸ ತುಕ್ಕು ತಡೆಯುವುದು, ನಮ್ಮ ನಾಡಿನಲ್ಲಿ ಹೆಪ್ಪುಗಟ್ಟುವ ಭಯ ಇಲ್ಲದಿದ್ದರೂ ಅದು ಬೇಕಾಗಿರುವುದು ಇದಕ್ಕೇ. ಡಬ್ಬಿಯಲ್ಲಿ ಬೆರೆಸಿಯೇ ಬರುವುದನ್ನು ಹಾಗೇ ಹಾಕಿ. ಗಟ್ಟಿ ಕೂಲೆಂಟಾದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಹಸಿರು, ಕೆಂಪು, ನೀಲಿ ಎಂಬ ಬಣ್ಣ ನಂಬಿ ಬೆರೆಸಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯದನ್ನೇ ಹಾಕಿ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಕುಡಿಯುವ ನೀರು ಹಾಕಿದರೆ ತಪ್ಪಿಲ್ಲ, ಊರು ಸೇರಿದ ಮೇಲೆ ಪೂರ್ತಿ ಬದಲಿಸಿ. ಸೋರುವ ರೇಡಿಯೇಟರಿಗೆ ಅರಿಸಿನ ಪುಡಿ ಹಾಕುವ ಹಳೆಯ ಡ್ರೈವರ್‌ಗಳ ಉಪಾಯ ಆ ಅಗಲ ಕೊಳವೆಗಳ ಕಾಲದ್ದು. ಈಗ ಅದು ತೂತಿಗಿಂತ ಮೊದಲು ಕೊಳವೆಯನ್ನೇ ಮುಚ್ಚುತ್ತದೆ.

ಎಲ್ಲರಿಗೂ ಹೆದರಿಕೆ ಹುಟ್ಟಿಸುವ ಹೆಡ್ ಗ್ಯಾಸ್ಕೆಟ್ ವಿಷಯ. ಎಂಜಿನ್ನಿನ ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂತ ಈ ತೆಳು ಹಾಳೆ ಒಂದು ಕಡೆ ಉರಿಯುವ ಗ್ಯಾಸನ್ನು, ಇನ್ನೊಂದು ಕಡೆ ಕೂಲೆಂಟನ್ನು, ಮತ್ತೊಂದು ಕಡೆ ಆಯಿಲನ್ನು ಬೇರೆ ಬೇರೆ ಇಡುತ್ತದೆ. ಅಲ್ಯೂಮಿನಿಯಂ ಹಿಗ್ಗುವುದು ಬೀಡುಕಬ್ಬಿಣದ ಎರಡರಷ್ಟು. ಬ್ಲಾಕ್ ಬೀಡಿನದಾಗಿದ್ದು ಹೆಡ್ ಅಲ್ಯೂಮಿನಿಯಂ ಆಗಿದ್ದರೆ, ಮಿತಿ ಮೀರಿದ ಬಿಸಿಯಲ್ಲಿ ಹೆಡ್ ಹಿಗ್ಗಲು ಜಾಗವಿಲ್ಲದೆ ಸೊಟ್ಟಗಾಗುತ್ತದೆ. ಹಲವು ಎಂಜಿನ್‌ಗಳಲ್ಲಿ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಸೊಟ್ಟಗಾದರೂ ಗ್ಯಾಸ್ಕೆಟ್ ನಿಲ್ಲುವುದಿಲ್ಲ. ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಬೇಕು, ಕೆಲಸ ಹತ್ತಾರು ಸಾವಿರಕ್ಕೆ ಹೋಗುತ್ತದೆ. ಅಷ್ಟು ದೊಡ್ಡ ತೀರ್ಮಾನಕ್ಕೆ ಬರುವ ಮೊದಲು ಸಾಕ್ಷ್ಯ ಕೇಳುವುದು ನಿಮ್ಮ ಹಕ್ಕು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾಗುವುದು, ಡಬ್ಬಿಯಲ್ಲಿ ನಿಲ್ಲದೆ ಗುಳ್ಳೆ ಬರುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿರುವುದು, ಡಿಪ್ ಸ್ಟಿಕ್ ಎಳೆದಾಗ ಆಯಿಲ್ ಹಾಲು ಕಾಫಿಯ ಬಣ್ಣಕ್ಕೆ ತಿರುಗಿರುವುದು, ಇವು ಗುರುತುಗಳು. ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಕೆನೆಯಂಥದ್ದು ಕಂಡರೆ ಅದು ಮಳೆಗಾಲದಲ್ಲಿ ಹತ್ತಿರ ಹತ್ತಿರವೇ ಓಡಿಸುವ ಗಾಡಿಯಲ್ಲಿ ಸೇರಿದ ತೇವ ಇರಬಹುದು.

ಖಚಿತ ಮಾಡಿಕೊಳ್ಳಲು ಒಂದು ಸರಳ ಪರೀಕ್ಷೆ ಇದೆ. ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಹಾಕಿ ಅದನ್ನು ರೇಡಿಯೇಟರಿನ ಬಾಯಿಗೆ ಕೂರಿಸಿ, ಎಂಜಿನ್ ಓಡುತ್ತಿರುವಾಗ ರಬ್ಬರ್ ಬಲ್ಬ್ ಒತ್ತಿ ಕೂಲೆಂಟಿನ ಮೇಲಿನ ಗಾಳಿಯನ್ನು ದ್ರಾವಣದ ಮೂಲಕ ಎಳೆಯುತ್ತಾರೆ. ಗ್ಯಾಸ್ಕೆಟ್ ಬಿಟ್ಟುಕೊಂಡಿದ್ದರೆ ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ಅದರೊಳಗೆ ಬೆರೆತು ನೀಲಿ ಬಣ್ಣ ಮೊದಲು ಹಸಿರಾಗಿ ಹಾಗೇ ಹಳದಿಗೆ ತಿರುಗುತ್ತದೆ. ಬಣ್ಣ ಬದಲಾಗುವುದನ್ನು ಕಣ್ಣಾರೆ ನೋಡಿದ ಮೇಲೆ ಅನುಮಾನ ಉಳಿಯುವುದಿಲ್ಲ. ಡೀಸೆಲ್ ಗಾಡಿಯಲ್ಲಿ ಹೊರಗೆ ಸೋರದೆ ಕೂಲೆಂಟ್ ಮಾಯವಾಗುತ್ತಿದ್ದರೆ ಎಂಜಿನ್ನಿಗೆ ಮರಳುವ ಹೊಗೆಯನ್ನು ತಣಿಸುವ ಇ.ಜಿ.ಆರ್. ಕೂಲರನ್ನೂ ನೋಡಿಸಿ, ಗ್ಯಾಸ್ಕೆಟ್ಟಿನ ಮೇಲೆಯೇ ಎಲ್ಲ ಅಪವಾದ ಹೊರಿಸಬಾರದು.

ನಮ್ಮ ಗ್ಯಾರೇಜುಗಳಲ್ಲಿ ಬೇರು ಬಿಟ್ಟಿರುವ ಎರಡು ‘ಪರಿಹಾರ’ಗಳ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಒಂದು, ಥರ್ಮೋಸ್ಟಾಟ್ ಕಿತ್ತುಹಾಕುವುದು. ನಮ್ಮದು ಬಿಸಿ ನಾಡು, ಇಲ್ಲಿ ಅದು ಬೇಡ ಎಂಬ ವಾದ. ಅದಿಲ್ಲದ ಎಂಜಿನ್ ಬೇಕಾದ ಉಷ್ಣತೆಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ಕೆಡುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಇನ್ನೂ ಕೆಟ್ಟದ್ದು: ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಭಾಗದ ತಟ್ಟೆ ಒಳಸುತ್ತಿನ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಆ ದಾರಿ ಸದಾ ತೆರೆದೇ ಇದ್ದು, ಬಿಸಿ ದ್ರವದ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ತಣ್ಣಗಾಗಲಿ ಎಂದು ಕಿತ್ತ ಗಾಡಿ ಘಟ್ಟದಲ್ಲಿ ಮೊದಲಿಗಿಂತ ಹೆಚ್ಚು ಹೀಟ್ ಆಗುತ್ತದೆ. ಎರಡು, ಫ್ಯಾನ್ ‘ಡೈರೆಕ್ಟ್’ ಮಾಡುವುದು, ಅಂದರೆ ಕೀ ಹಾಕಿದ ಕ್ಷಣದಿಂದ ತಿರುಗುವಂತೆ ವೈರ್ ಎಳೆಯುವುದು. ಮೋಟರ್ ಬೇಗ ಸವೆಯುತ್ತದೆ, ತೆಳು ವೈರ್ ಹಾಕಿದ್ದರೆ ಕಾದು ಬೆಂಕಿಯ ಅಪಾಯ, ಒಳಗೆ ಕಟ್ಟಿಕೊಳ್ಳುತ್ತಿರುವ ರೇಡಿಯೇಟರಿನ ಸುಳಿವು ಕೊನೆಯವರೆಗೂ ಸಿಗುವುದಿಲ್ಲ. ರಾತ್ರಿ ದಾರಿಯಲ್ಲಿ ಊರು ಮುಟ್ಟಲು ಮಾಡಿದರೆ ಅದು ಜಾಣತನ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಅದು ರಿಪೇರಿಯೇ ಅಲ್ಲ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಹೀಟರ್ ಕೋರ್ ಕೂಡ ಒಂದು ಸಣ್ಣ ರೇಡಿಯೇಟರೇ, ಸೆಕೆಯಾದರೂ ಎಂಜಿನ್ನಿನ ಶಾಖ ಸ್ವಲ್ಪ ಹೊರಬರುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಕೆಂಪು ದೀಪ ಬಂದಿದ್ದರೆ, ಹಬೆ ಕಂಡರೆ, ಎಂಜಿನ್ ಆಫ್ ಮಾಡಿ. ‘ಇನ್ನೆರಡು ಕಿಲೋಮೀಟರ್, ಅಲ್ಲೊಂದು ಗ್ಯಾರೇಜಿದೆ’ ಎಂಬ ಆಸೆಯೇ ಎಷ್ಟೋ ಎಂಜಿನ್‌ಗಳನ್ನು ಕೊಂದಿದೆ. ಮುಚ್ಚಳ ಮುಟ್ಟಲೇಬೇಡಿ. ಒತ್ತಡದಲ್ಲಿ 110 ಡಿಗ್ರಿಯಲ್ಲಿ ಕುದಿಯದೆ ನಿಂತಿರುವ ದ್ರವ ಮುಚ್ಚಳ ಸಡಿಲವಾದ ಕ್ಷಣ ಹಬೆಯಾಗಿ ಮುಖಕ್ಕೆ ನುಗ್ಗುತ್ತದೆ. ಒಂದು ಲೀಟರ್ ನೀರು ಹಬೆಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಕು. ಬಟ್ಟೆ ಹಿಡಿದು ತೆಗೆದರೂ ಸುಟ್ಟ ಕೈಗಳನ್ನು ಆಸ್ಪತ್ರೆಗಳು ಪ್ರತಿ ಬೇಸಿಗೆ ನೋಡುತ್ತವೆ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಮೇಲಿನ ಹೋಸ್ ಹಿಸುಕಿದಾಗ ಮೆತ್ತಗಿರಬೇಕು, ಕೈಗೆ ಬಿಸಿ ಹತ್ತಬಾರದು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಅಥವಾ ಬ್ಲಾಕ್ ಬಿರಿಯಬಹುದು.

ಗ್ಯಾರೇಜಿಗೆ ಹೋದಾಗ ‘ಹೀಟ್ ಆಗ್ತಿದೆ ನೋಡಿ’ ಎಂದಷ್ಟೇ ಹೇಳಿ ಕೀ ಕೊಟ್ಟು ಬರಬೇಡಿ. ಯಾವ ರಸ್ತೆ, ಯಾವ ವೇಗ, ಎ.ಸಿ. ಇತ್ತೇ, ಸ್ಟಾರ್ಟ್ ಮಾಡಿ ಎಷ್ಟು ಹೊತ್ತಾಗಿತ್ತು, ಫ್ಯಾನ್ ಸದ್ದು ಕೇಳಿಸಿತೇ, ಇದಕ್ಕೆ ಮೊದಲು ಯಾವಾಗ ಕೂಲೆಂಟ್ ತುಂಬಿಸಿದ್ದಿರಿ, ಇಷ್ಟನ್ನು ಹೇಳಿ. ಮುಚ್ಚಳ, ಫ್ಯೂಸು, ರಿಲೇ, ಥರ್ಮೋಸ್ಟಾಟ್, ಈ ಕ್ರಮದಲ್ಲಿ ಅಗ್ಗದ್ದರಿಂದ ಶುರುಮಾಡಲು ಕೇಳಿಕೊಳ್ಳಿ. ನಿಮ್ಮ ಗಾಡಿಯಲ್ಲಿ ಹಿಂದೆ ಯಾರಾದರೂ ಥರ್ಮೋಸ್ಟಾಟ್ ಕಿತ್ತಿದ್ದರೆ, ಫ್ಯಾನ್ ಡೈರೆಕ್ಟ್ ಮಾಡಿದ್ದರೆ, ಈ ಬೇಸಿಗೆಯ ಪ್ರಯಾಣಕ್ಕೆ ಮೊದಲು ಎರಡನ್ನೂ ಮೊದಲಿದ್ದಂತೆ ಮಾಡಿಸಿ, ಆಮೇಲೆ ಘಟ್ಟದ ದಾರಿ ಹಿಡಿಯಿರಿ.